ಮೊಲ ಸಾಕಣೆ: ತಾಯಿ ಮೊಲದ ಹಾಲೂಡಿಕೆಯ ಮೇಲೆ ಭಯದ ಪರಿಣಾಮ

ಮರಿ ಹಾಕಿದ ಮೊಲವು ಮರಿಗಳ ಬಳಿ ಕೂರುವುದಿಲ್ಲವೆಂದು ಸಾಕಣೆದಾರರು ಆತಂಕಗೊಳ್ಳುವುದುಂಟು. ಇದು ದೋಷವಲ್ಲ. ಮೊಲವು ಸಾಮಾನ್ಯವಾಗಿ ದಿನಕ್ಕೊಮ್ಮೆ, ಸುಮಾರು 3-4 ನಿಮಿಷ ಮಾತ್ರ ಹಾಲೂಡುತ್ತದೆ. ಆ ಅಲ್ಪಾವಧಿಗೆ ಅಡ್ಡಿಯಾದಲ್ಲಿ ಮರಿಗಳು ದಿನವಿಡೀ ಹಸಿದಿರಬೇಕಾಗುತ್ತದೆ.

ನಾಯಿಯ ಬೊಗಳುವಿಕೆ, ಅಪರಿಚಿತರ ಓಡಾಟ, ಪದೇ ಪದೇ ಹಿಡಿದೆತ್ತುವುದು ಇತ್ಯಾದಿಗಳಿಂದ ಬೆದರಿದ ಮೊಲದ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳನ್ನು ಸ್ರವಿಸುತ್ತವೆ. ಇದೇ ವೇಳೆ, ಹಾಲು ಇಳಿಯಲು ಅವಶ್ಯಕವಾದ ಆಕ್ಸಿಟೋಸಿನ್ ಮಿದುಳಿನಿಂದ ಬಿಡುಗಡೆಯಾಗದೆ ನಿಲ್ಲುತ್ತದೆ. ಅಂದರೆ, ಹಾಲಿದ್ದರೂ ಮರಿಗಳಿಗೆ ದೊರೆಯುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ಬಿ.ಎ. ಕ್ರಾಸ್ ಅವರು 1955ರಲ್ಲಿ ಇದನ್ನು ಮೊಲಗಳಲ್ಲಿಯೇ ತೋರಿಸಿದರು. ಬಲವಂತವಾಗಿ ಹಿಡಿದಿಟ್ಟ ತಾಯಿ ಮೊಲಗಳಲ್ಲಿ ತಡೆಹಿಡಿಯಲ್ಪಟ್ಟ ಹಾಲು, ಆಕ್ಸಿಟೋಸಿನ್ ಚುಚ್ಚುಮದ್ದು ನೀಡಿದಾಗ ಇಳಿಯಿತು. (ಸಾಕಣೆದಾರರು ತಾವಾಗಿಯೇ ಈ ಚುಚ್ಚುಮದ್ದು ನೀಡತಕ್ಕದ್ದಲ್ಲ.) ಆದ್ದರಿಂದ ಮೊದಲ ಸೂಲಿನಲ್ಲಿ ಮರಿಗಳನ್ನು ಕಳೆದುಕೊಂಡ ಮೊಲವನ್ನು ಹಾಲಿಲ್ಲದ್ದೆಂದು ಕೂಡಲೇ ಮಾರಿಬಿಡುವುದು ಸರಿಯಲ್ಲ. ಅನೇಕ ವೇಳೆ ತಪ್ಪು ಮೊಲದ್ದಲ್ಲ, ಮನೆಯದು.

ಗರ್ಭಾವಧಿ 30ರಿಂದ 32 ದಿನಗಳು. ಸುಮಾರು 27-28ನೇ ದಿನ ಒಣಹುಲ್ಲು ಹಾಸಿದ ಗೂಡುಪೆಟ್ಟಿಗೆಯನ್ನು ಮಬ್ಬು ಬೆಳಕಿನ, ಸದ್ದಿಲ್ಲದ ಮೂಲೆಯಲ್ಲಿ ಇರಿಸಬೇಕು. ಮೊಲವು ತನ್ನ ಮೈಯ ತುಪ್ಪಳವನ್ನೇ ಕಿತ್ತು ಅದರಲ್ಲಿ ಹಾಸಿಕೊಳ್ಳುತ್ತದೆ, ಅದನ್ನು ತೆಗೆಯಬಾರದು. ಮರಿಗಳನ್ನು ದಿನಕ್ಕೊಮ್ಮೆ, ತಾಯಿಯು ಪೆಟ್ಟಿಗೆಯಿಂದ ಹೊರಗಿದ್ದಾಗ, ಬೇಗನೆ ನೋಡಿ ಮುಗಿಸುವುದು. ಹಾಲು ಕುಡಿದ ಮರಿಯ ಹೊಟ್ಟೆ ದುಂಡಗಿರುತ್ತದೆ. ಚರ್ಮ ಸುಕ್ಕುಗಟ್ಟಿ ಹೊಟ್ಟೆ ಒಳಸೇರಿದ್ದಲ್ಲಿ ವಿಳಂಬ ಮಾಡದೆ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು.