ಕೂಟಶಾಸನವೂ ಕೂಟಸಂದೇಶವೂ

ಶಾಸನಗಳ ಅಭ್ಯಾಸಿಗಳಿಗೆ ‘ಕೂಟಶಾಸನ’ವೆಂಬ ಮಾತು ಅಪರಿಚಿತವಲ್ಲ. ರಾಜನೊಬ್ಬನು ಕೊಡದಿದ್ದ ದತ್ತಿಯನ್ನು ಕೊಟ್ಟಂತೆ ಬರೆಯಿಸಿ, ಅದರ ಬಲದಿಂದ ಭೂಮಿಯನ್ನೋ ಹಕ್ಕನ್ನೋ ಸಾಧಿಸಲು ಮಾಡಿದ ಕೃತಕ ತಾಮ್ರಪಟಕ್ಕೆ ಈ ಹೆಸರು ಸಲ್ಲುತ್ತದೆ. ಪಶ್ಚಿಮ ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಇಂಥವೆಂದು ಜೆ. ಎಫ್. ಫ್ಲೀಟರು ವಾದಿಸಿದರು, ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಹೊರತಂದ ಬಿ. ಎಲ್. ರೈಸರು ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಆ ವಾದದ ತೀರ್ಮಾನ ಇಲ್ಲಿ ಪ್ರಸ್ತುತವಲ್ಲ. ಅಂಥ ವಾದಗಳಲ್ಲಿ ಹದಗೊಂಡ ಪರೀಕ್ಷಾಕ್ರಮವು ಮಾತ್ರ ಇಂದು ನಮ್ಮೆಲ್ಲರಿಗೂ ಅವಶ್ಯವಾಗಿದೆ.

ಏಕೆಂದರೆ ಕೂಟಲೇಖನದ ಕಸುಬು ನಿಂತುಹೋಗಿಲ್ಲ. ಗಂಗರ ಕಾಲದ ಕಿತ್ತಯ್ಯನ ವೀರಗಲ್ಲು ದೊರೆತ ಹೆಬ್ಬಾಳಕ್ಕೆ ನೆರೆಯಾದ ನಮ್ಮ ಆರ್.ಟಿ. ನಗರದ ಬಾಡಿಗೆಯ ಕೋಣೆಯಲ್ಲಿರುವ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆಯೆಂಬ ಸಂದೇಶ ಬರಬಹುದು. ಅಧ್ಯಾಪಕರಿಗೆ ಪ್ರಾಂಶುಪಾಲರ ಹೆಸರಿನಲ್ಲಿ ತುರ್ತಾಗಿ ಹಣ ಬೇಕೆಂಬ ಕೋರಿಕೆ ಬರಬಹುದು. ಇವನ್ನು ಕೂಟಸಂದೇಶಗಳೆನ್ನಬಹುದು. ಇವುಗಳ ಪರೀಕ್ಷೆಯೂ ಶಾಸನ ಪರೀಕ್ಷೆಯಂತೆಯೇ ನಡೆಯತಕ್ಕದ್ದು.

ಮೊದಲನೆಯದು ಮುದ್ರೆ. ತಾಮ್ರಪಟಗಳನ್ನು ಪೋಣಿಸಿದ ಬಳೆಗೆ ಗಂಗರು ಆನೆಯ ಮುದ್ರೆಯನ್ನು ಒತ್ತುತ್ತಿದ್ದರು. ಆದರೆ ಮುದ್ರೆಯಿದ್ದ ಮಾತ್ರಕ್ಕೆ ವಿದ್ವಾಂಸರು ಶಾಸನವನ್ನು ಒಪ್ಪಿಕೊಳ್ಳುವುದಿಲ್ಲ. ಅಂತೆಯೇ ಸಂದೇಶದಲ್ಲಿ ಕಾಣುವ ಲಾಂಛನ, ಭಾವಚಿತ್ರ, ಹೆಸರು ಇವು ಪ್ರಮಾಣವಲ್ಲ. ಯಾರು ಬೇಕಾದರೂ ಇವನ್ನು ನಕಲು ಮಾಡಬಲ್ಲರು.

ಎರಡನೆಯದು ಲಿಪಿ. ಐದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಶಾಸನದಲ್ಲಿ ಹತ್ತನೆಯ ಶತಮಾನದ ಅಕ್ಷರಗಳಿದ್ದರೆ ಗುಟ್ಟು ಹೊರಬೀಳುತ್ತದೆ. ಸಂದೇಶದಲ್ಲಿ ಈ ಸ್ಥಾನ ಜಾಲತಾಣದ ವಿಳಾಸಕ್ಕೆ ಸಲ್ಲುತ್ತದೆ. ವಿಳಾಸದ ಆರಂಭದಲ್ಲಿ ಯಾವ ಸಂಸ್ಥೆಯ ಹೆಸರನ್ನು ಬೇಕಾದರೂ ಸೇರಿಸಬಹುದು. ನೋಡಬೇಕಾದದ್ದು ಮೊದಲನೆಯ ಒಂಟಿ ಓರೆಗೆರೆಗೆ ಮುಂಚೆ ಬರುವ ಕೊನೆಯ ಭಾಗವನ್ನು. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ವಿಳಾಸ ಸಾಮಾನ್ಯವಾಗಿ ‘ಎಸಿ ಡಾಟ್ ಇನ್’ ಎಂದೂ, ಸರ್ಕಾರದ್ದು ‘ಜಿಒವಿ ಡಾಟ್ ಇನ್’ ಎಂದೂ ಮುಗಿಯುತ್ತದೆ.

ಮೂರನೆಯದು ಪ್ರಯೋಜನ. ಈ ಲೇಖದಿಂದ ಯಾರಿಗೆ ಲಾಭವೆಂದು ಇತಿಹಾಸಕಾರನು ಕೇಳುತ್ತಾನೆ. ಹಣವನ್ನು ಸ್ವೀಕರಿಸಲು ಯುಪಿಐ ಗುಪ್ತಸಂಖ್ಯೆ ಬೇಕಾಗುವುದೇ ಇಲ್ಲ. ಹಣ ಕೊಡುವೆನೆಂದು ಹೇಳಿ ಆ ಸಂಖ್ಯೆಯನ್ನು ಒತ್ತಿಸುವವನು ಹಣವನ್ನು ಕೊಂಡೊಯ್ಯುವವನೇ ಸರಿ.

ಇವೆಲ್ಲಕ್ಕೂ ಮೇಲಾದ ಒಂದು ಭೇದವುಂಟು. ತಾಮ್ರಪಟವನ್ನು ವರ್ಷಗಟ್ಟಲೆ ಪರಿಶೀಲಿಸಬಹುದು. ಕೂಟಸಂದೇಶವು ಈ ಕ್ಷಣವೇ ಉತ್ತರ ಬೇಡುತ್ತದೆ. ನಮ್ಮ ವಿರಾಮವನ್ನು ಕಸಿಯುವುದೇ ವಂಚಕನ ಪ್ರಥಮ ಯತ್ನ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ ಆಕಾಶವಾಣಿ ಭಾಷಣದಲ್ಲಿ ಪ್ರಧಾನಮಂತ್ರಿಗಳು, ಪೊಲೀಸ್ ವೇಷದ ವಂಚಕನೊಬ್ಬನು ವಿಜಯಪುರದ ನಾಗರಿಕರೊಬ್ಬರಿಗೆ ಮಾಡಿದ ಕರೆಯ ಮುದ್ರಣವನ್ನು ಕೇಳಿಸಿ, ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನವು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದು ತಿಳಿಸಿದರು. ಕರೆಯನ್ನು ನಿಲ್ಲಿಸಿ, ನಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ನಾವೇ ಕರೆಮಾಡಿ ವಿಚಾರಿಸುವುದು ಉತ್ತಮ. ಒಂದೇ ಆಕರವನ್ನು ನಂಬಬಾರದೆಂಬ ನಿಯಮವು ಇಲ್ಲಿಯೂ ಅನ್ವಯಿಸುತ್ತದೆ.

ಇನ್ನು ಅಧ್ಯಾಪಕರು ಮನಗಾಣಬೇಕಾದ ಅಂಶವೊಂದಿದೆ. ಕೂಟಶಾಸನವನ್ನು ರಚಿಸಿದವರು ನಿಜವಾದ ಶಾಸನಗಳ ಒಕ್ಕಣೆಯನ್ನೂ ವಂಶಾವಳಿಯನ್ನೂ ಅನುಕರಿಸುತ್ತಿದ್ದರು; ಮುಂದೆ ಮಾತೃಕೆಯಿಲ್ಲದೆ ನಂಬಿಸುವ ನಕಲು ಹುಟ್ಟದು. ವಿದ್ಯಾರ್ಥಿಯ ಹೆಸರು, ದೂರವಾಣಿ ಸಂಖ್ಯೆ, ಜನ್ಮದಿನಾಂಕ, ಅಂಕಗಳು ಇರುವ ಪಟ್ಟಿಯನ್ನು ನಾವು ವಾಟ್ಸಾಪ್ ಗುಂಪಿಗೆ ಹಾಕಿದಾಗ ವಂಚಕನಿಗೆ ಮಾತೃಕೆಯನ್ನು ಒದಗಿಸಿದಂತಾಗುತ್ತದೆ.

ಇದು ಕೇವಲ ಎಚ್ಚರಿಕೆಯ ಮಾತಲ್ಲ, ಹಕ್ಕಿನ ಮಾತೂ ಹೌದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ 2023ರಲ್ಲಿ ಅಧಿನಿಯಮವೂ, 2025ರಲ್ಲಿ ಅದರ ನಿಯಮಗಳೂ ಬಂದಿವೆ. ಆದಕಾರಣ ಬೇಕಾದಷ್ಟೇ ವಿವರವನ್ನು ಕೇಳುವುದು, ಕೆಲಸ ಮುಗಿದ ಮೇಲೆ ಅನವಶ್ಯಕ ಪ್ರತಿಗಳನ್ನು ಅಳಿಸುವುದು, ಸಾಧ್ಯವಿರುವಲ್ಲಿ ಕೊನೆಯ 4 ಅಂಕಿಗಳನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯನ್ನು ಸ್ವೀಕರಿಸುವುದು ನಮ್ಮ ಕರ್ತವ್ಯವಾಗಿದೆ.

ಇಷ್ಟಾದರೂ ಮೋಸಹೋದವರು ನಾಚಿಕೆಯಿಂದ ಸುಮ್ಮನಿರಬಾರದು. 1930 ಎಂಬ ಸಹಾಯವಾಣಿಗೆ ಒಡನೆಯೇ ತಿಳಿಸಿದರೆ ಹಣವು ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವ ಸಂಭವವುಂಟು. ಕೂಟಶಾಸನಗಳು ನುರಿತ ಪಂಡಿತರನ್ನೂ ಭ್ರಮೆಗೊಳಿಸಿವೆ, ಮೋಸಹೋದುದು ಅಪರಾಧವಲ್ಲ. ಪರೀಕ್ಷಿಸದೆ ನಂಬುವ ಅಭ್ಯಾಸವನ್ನು ಮಾತ್ರ ನಾವು ಬಿಡತಕ್ಕದ್ದು.