ಯಾರ ಪೈಕಿ ಎಷ್ಟು?

ಶರೀರದ ಇನ್ನೂರಾರು ಎಲುಬುಗಳ ಹೆಸರನ್ನು ನಿದ್ದೆಗಣ್ಣಿನಲ್ಲಿಯೂ ಒಪ್ಪಿಸಬಲ್ಲ ವೈದ್ಯವಿದ್ಯಾರ್ಥಿಯು, ಪ್ರಶ್ನಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರದ ಒಂದು ಪ್ರಶ್ನೆ ಎದುರಾದೊಡನೆ ಅದನ್ನು ಕೊನೆಗೆಂದು ಬಿಟ್ಟು ಮುಂದೆ ಸಾಗುವುದುಂಟು. ಅಲ್ಲಿ ಬೇಕಾದ ಗಣಿತವಾದರೋ ಬಹುಮಟ್ಟಿಗೆ ಪ್ರಾಥಮಿಕ ಶಾಲೆಯ ಭಾಗಾಕಾರವನ್ನು ಮೀರುವುದಿಲ್ಲ.

ಅವನಿಗೆ ಸಮಾಧಾನವಾಗಬಹುದಾದ ಒಂದು ವೃತ್ತಾಂತವಿದೆ. ಅಮೆರಿಕದ ಹಾರ್ವರ್ಡಿನಲ್ಲಿ ವಿದ್ಯಾರ್ಥಿಗಳೂ ವೈದ್ಯರೂ ಸೇರಿದ 60 ಮಂದಿಯ ಮುಂದೆ ಕ್ಯಾಸೆಲ್ಸ್ ಮತ್ತು ಸಂಗಡಿಗರು ಒಂದು ಪ್ರಶ್ನೆಯನ್ನಿಟ್ಟು, ಅದರ ಫಲವನ್ನು 1978ರಲ್ಲಿ ಪ್ರಕಟಿಸಿದರು: ಸಾವಿರಕ್ಕೊಬ್ಬರಲ್ಲಿ ಮಾತ್ರ ಇರುವ ರೋಗವೊಂದರ ಪರೀಕ್ಷೆಯು ನಿರೋಗಿಗಳಲ್ಲಿ ಶೇಕಡಾ 5 ಮಂದಿಗೆ ತಪ್ಪಾಗಿ 'ಪಾಸಿಟಿವ್' ಎನ್ನುವುದಾದರೆ, ಲಕ್ಷಣಗಳೊಂದೂ ತಿಳಿಯದ ವ್ಯಕ್ತಿಗೆ ಪಾಸಿಟಿವ್ ಬಂದಾಗ ರೋಗವು ನಿಜವಾಗಿಯೂ ಇರುವ ಸಂಭವವೆಷ್ಟು? 27 ಮಂದಿ ಶೇಕಡಾ 95 ಎಂದರು; ಸರಿಯುತ್ತರಕ್ಕೆ ಬಂದವರು 11 ಮಂದಿ.

ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿಕೊಂಡಂತೆ ಎಣಿಸೋಣ. ರೋಗಿ ಒಬ್ಬನೇ, ಪರೀಕ್ಷೆ ಅವನನ್ನು ತಪ್ಪದೆ ಹಿಡಿಯಿತೆನ್ನೋಣ. ಉಳಿದ 999 ನಿರೋಗಿಗಳಲ್ಲಿ ಶೇಕಡಾ ಐದರಂತೆ ಸುಮಾರು 50 ಮಂದಿ ವೃಥಾ ಪಾಸಿಟಿವ್ ಚೀಟಿ ಹಿಡಿದು ಗಾಬರಿಗೊಳ್ಳುವರು. ಹೀಗೆ ಪಾಸಿಟಿವ್ ಆದ 51 ಮಂದಿಯಲ್ಲಿ ರೋಗಿ ಒಬ್ಬನು, ಎಂದರೆ ಶೇಕಡಾ 2ರಷ್ಟು. ತೊಂಬತ್ತೈದು ಎಂದವರು ನಿರೋಗಿಗಳ ಲೆಕ್ಕವನ್ನು ಪಾಸಿಟಿವ್ ಬಂದವರ ತಲೆಗೆ ಕಟ್ಟಿದ್ದರು.

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎಂಬ ಹೆಸರುಗಳನ್ನು ಉರುಹೊಡೆದು ಅದಲುಬದಲು ಮಾಡುವವರಿಗೆ ಕನ್ನಡದ 'ಪೈಕಿ' ಎಂಬ ಪದವು, ನನ್ನೆಣಿಕೆಯಲ್ಲಿ, ಯಾವ ಸೂತ್ರಕ್ಕಿಂತಲೂ ಉಪಕಾರಿ. ಏಕೆಂದರೆ ನಮ್ಮ ವಾಕ್ಯದಲ್ಲಿ ಛೇದವು ಮೊದಲು ಬಾರದೆ ಅಂಶಕ್ಕೆ ಎಡೆಯೇ ದೊರೆಯದು. ರೋಗಿಗಳ ಪೈಕಿ ಪಾಸಿಟಿವ್ ಆದವರೆಷ್ಟು ಎಂದರೆ ಸೆನ್ಸಿಟಿವಿಟಿ. ನಿರೋಗಿಗಳ ಪೈಕಿ ನೆಗೆಟಿವ್ ಆದವರೆಷ್ಟು ಎಂದರೆ ಸ್ಪೆಸಿಫಿಸಿಟಿ. ಪಾಸಿಟಿವ್ ಆದವರ ಪೈಕಿ ರೋಗಿಗಳೆಷ್ಟು ಎಂಬುದು ಬೇರೆಯೇ ಮಾತು: ಅದು ಪ್ರಿಡಿಕ್ಟಿವ್ ವ್ಯಾಲ್ಯೂ. ಚೀಟಿ ಹಿಡಿದು ವೈದ್ಯನೆದುರು ಕುಳಿತವನು ಕೇಳುವುದು ಇದನ್ನೇ.

ಪರೀಕ್ಷೆ ಅದೇ ಇದ್ದರೂ ಈ ಕಡೆಯ ಉತ್ತರ ಒಂದೇ ಆಗಿರದು. ಸಾವಿರದಲ್ಲಿ 100 ಮಂದಿ ರೋಗಿಗಳೇ ಬರುವ ವಿಶೇಷ ಚಿಕಿತ್ಸಾಲಯದಲ್ಲಿ ಅದನ್ನೇ ಮಾಡಿದರೆ, ನಿಜವಾದ ಪಾಸಿಟಿವ್ 100, ಸುಳ್ಳು ಪಾಸಿಟಿವ್ 45. ಅಲ್ಲಿಗೆ 145 ಮಂದಿಯ ಪೈಕಿ 100, ಎಂದರೆ ಶೇಕಡಾ 69. ಪ್ರಶ್ನೆಯ ಮೊದಲ ಸಾಲಿನಲ್ಲಿ ರೋಗದ ಪ್ರಮಾಣವನ್ನು ಪರೀಕ್ಷಕರು ಹೇಳಿರುವುದು ಇದಕ್ಕಾಗಿಯೇ. ಅವಸರದಲ್ಲಿ ಓದುವವನು ಹಾರಿಸುವುದೂ ಆ ಸಾಲನ್ನೇ.