ಕಿರುತೆರೆಯ ಯುದ್ಧಕಥನಗಳಲ್ಲಿ ಪೋಲೆಂಡಿನ ಪ್ರತಿರೋಧ

ಎರಡನೆಯ ಮಹಾಯುದ್ಧದ ಕಾಲದ ಪೋಲೆಂಡಿನ ಪ್ರತಿರೋಧವು ಬಂದೂಕಿನ ಹೋರಾಟಕ್ಕಷ್ಟೇ ಸೀಮಿತವಾಗಿರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ದೇಶವನ್ನು ಹಂಚಿಕೊಂಡ ಮೇಲೆ ಅಲ್ಲಿ ಒಂದು ಭೂಗತ ಪ್ರಭುತ್ವವೇ ರೂಪುಗೊಂಡಿತು. ಅದಕ್ಕೆ ತನ್ನದೇ ಆದ ನ್ಯಾಯಾಲಯಗಳು, ಪತ್ರಿಕೆಗಳು ಹಾಗೂ ಗುಪ್ತ ತರಗತಿಗಳಿದ್ದವು. ಲಂಡನ್ನಿನಲ್ಲಿ ನೆಲೆಸಿದ್ದ ಪೋಲಿಷ್ ಸರ್ಕಾರಕ್ಕೆ ನಿಷ್ಠವಾಗಿದ್ದ, ಮೂರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ 'ಆರ್ಮಿಯಾ ಕ್ರಾಯೋವಾ' ಅಂದರೆ ಸ್ವದೇಶ ಸೇನೆಯು ಇದರ ಸೇನಾಂಗವಾಗಿತ್ತು. ಇಂಥ ಬಹುಮುಖಿ ಚರಿತ್ರೆಯಿಂದ ಕಿರುತೆರೆಯು ಯಾವುದನ್ನು ಆಯ್ದುಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಕಮ್ಯುನಿಸ್ಟ್ ಆಳ್ವಿಕೆಯ ಕಾಲದ ಎರಡು ಧಾರಾವಾಹಿಗಳು ಅಪಾರ ಜನಪ್ರಿಯತೆ ಗಳಿಸಿದವು. 'ನಾಲ್ವರು ಟ್ಯಾಂಕ್ ಸೈನಿಕರು ಮತ್ತು ಒಂದು ನಾಯಿ' (1966-70) ಸೋವಿಯತ್ ನೆಲದಲ್ಲಿ ಕಟ್ಟಲಾದ ಪೋಲಿಷ್ ಪಡೆಯ ಕಥೆ. 'ಪ್ರಾಣಕ್ಕಿಂತ ಮಿಗಿಲಾದ ಪಣ' (1967-68) ಧಾರಾವಾಹಿಯ ನಾಯಕ ಹಾನ್ಸ್ ಕ್ಲಾಸ್ ಜರ್ಮನ್ ಸಮವಸ್ತ್ರ ತೊಟ್ಟ ಪೋಲಿಷ್ ಗೂಢಚಾರ. ಅವನು ದುಡಿಯುವುದು ಸೋವಿಯತ್ ಬೇಹುಗಾರಿಕೆಗೆ. ಹೀಗೆ ವಿಮೋಚನೆಯು ಪೂರ್ವದಿಕ್ಕಿನಿಂದಲೇ ಬಂತೆಂಬ ಅಧಿಕೃತ ಕಥನವು ಸಾಹಸದ ಆಕರ್ಷಣೆಯೊಡನೆ ಮನೆಮನೆಗೆ ತಲುಪಿತು. ಸ್ವದೇಶ ಸೇನೆಯ ಅನೇಕರು ಯುದ್ಧಾನಂತರ ಸೆರೆಮನೆ ಸೇರಿದ್ದು, ಆಶ್‌ವಿಟ್ಸ್ ಶಿಬಿರದೊಳಗೆ ತಾನಾಗಿಯೇ ಹೊಕ್ಕು ವರದಿ ಕಳುಹಿಸಿದ್ದ ವಿಟೋಲ್ಡ್ ಪಿಲೆಟ್ಸ್ಕಿ 1948ರಲ್ಲಿ ಮರಣದಂಡನೆಗೆ ಗುರಿಯಾದದ್ದು ಆ ಕಥನದ ಹೊರಗುಳಿದವು. ಆದರೆ ಆ ಕಾಲವನ್ನು ಏಕರೂಪಿಯೆಂದು ಭಾವಿಸಲಾಗದು. ರೊಮಾನ್ ಬ್ರಾಟ್ನಿಯ ಕಾದಂಬರಿಯನ್ನಾಧರಿಸಿದ 'ಕೊಲುಂಬೊವಿಯೆ' (1970) ಅದೇ ಸೇನೆಯ ತರುಣರ ಬದುಕನ್ನೂ 1944ರ ವಾರ್ಸಾ ದಂಗೆಯನ್ನೂ ತೆರೆಗೆ ತಂದಿತ್ತು.

1989ರ ರಾಜಕೀಯ ಬದಲಾವಣೆಯ ನಂತರ ನಾಯಕನ ನಿಷ್ಠೆಯ ದಿಕ್ಕು ಬದಲಾಯಿತು. 'ಗೌರವದ ಕಾಲ' (2008-14) ಧಾರಾವಾಹಿಯ ನಾಯಕರು ಬ್ರಿಟನ್ನಿನಲ್ಲಿ ತರಬೇತಿ ಪಡೆದು ಪ್ಯಾರಾಚೂಟಿನಲ್ಲಿ ಇಳಿದ ಸ್ವದೇಶ ಸೇನೆಯ ಯೋಧರು. ಹಿಂದೆ ಅಂಚಿನಲ್ಲಿದ್ದವರು ಇಲ್ಲಿ ಕೇಂದ್ರಕ್ಕೆ ಬಂದರು. ಆದರೆ ಸುಂದರ, ಧೀರ ಯುವಕನೇ ಇಡೀ ಪ್ರತಿರೋಧದ ಪ್ರತಿನಿಧಿಯೆಂಬ ಹಳೆಯ ಕಥನ ಸೂತ್ರ ಹಾಗೆಯೇ ಉಳಿಯಿತು.

ಈ ಸೂತ್ರದ ಅಪಾಯವು ಹೊರಗಿನ ಕಥನದಲ್ಲಿ ಸ್ಪಷ್ಟವಾಗುತ್ತದೆ. 2013ರಲ್ಲಿ ಜರ್ಮನಿಯ ಝಡ್‌ಡಿಎಫ್ ವಾಹಿನಿ ಪ್ರಸಾರ ಮಾಡಿದ 'ನಮ್ಮ ತಾಯಂದಿರು, ನಮ್ಮ ತಂದೆಯರು' ಎಂಬ ಮೂರು ಭಾಗಗಳ ಕೃತಿಯಲ್ಲಿ ಸ್ವದೇಶ ಸೇನೆಯ ಒಂದು ತುಕಡಿಯು ಯೆಹೂದಿ ದ್ವೇಷದಲ್ಲಿ ಮುಳುಗಿದೆ; ಯೆಹೂದಿಗಳನ್ನು ತುಂಬಿದ ರೈಲು ಡಬ್ಬಿಯ ಬಾಗಿಲನ್ನು ಅದು ಮತ್ತೆ ಮುಚ್ಚುತ್ತದೆ. ಇದೇ ಕೃತಿಯ ಜರ್ಮನ್ ಪಾತ್ರಗಳಿಗೆ ಪಶ್ಚಾತ್ತಾಪದ, ಒಳತೋಟಿಯ ಅವಕಾಶವುಂಟು. ಪೋಲಿಷ್ ಪಾತ್ರಗಳಿಗೆ ಅದು ಬಹುಮಟ್ಟಿಗೆ ಇಲ್ಲ. ಪೋಲೆಂಡಿನಲ್ಲಿ ಇದು ತೀವ್ರ ಪ್ರತಿಭಟನೆಗೆ ಕಾರಣವಾಯಿತು. ಸೇನೆಯ ಹಿರಿಯ ಸದಸ್ಯರೊಬ್ಬರು ಹೂಡಿದ ದಾವೆಯಲ್ಲಿ ಕ್ರಾಕೋವ್ ನ್ಯಾಯಾಲಯವು 2018ರಲ್ಲಿ ನಿರ್ಮಾಪಕರು ಕ್ಷಮೆ ಕೇಳಬೇಕೆಂದು ತೀರ್ಪು ನೀಡಿತು. ಪ್ರತಿರೋಧಗಾರರಲ್ಲಿ ಯೆಹೂದಿ ದ್ವೇಷ ಇದ್ದದ್ದು ಚರಿತ್ರೆಯ ಸತ್ಯ. ಯೆಹೂದಿಗಳ ನೆರವಿಗಾಗಿ 1942ರಲ್ಲಿ 'ಝೆಗೋಟಾ' ಎಂಬ ಗುಪ್ತ ಮಂಡಳಿಯನ್ನು ಸ್ಥಾಪಿಸಿದ್ದೂ ಅಷ್ಟೇ ಸತ್ಯ. ಒಂದು ತುಕಡಿಯನ್ನೇ ಇಡೀ ಸೇನೆಯ ಮುಖವಾಗಿಸಿದಾಗ ಈ ಎರಡನೆಯ ಸತ್ಯ ಮರೆಯಾಗುತ್ತದೆ. ಕೇವಲ ಧೀರರನ್ನು ತೋರಿಸಿದಾಗ ಮೊದಲನೆಯದು ಮರೆಯಾಗುತ್ತದೆ.

ಈ ಎಲ್ಲ ಕಥನಗಳೂ ಸಮಾನವಾಗಿ ಬದಿಗೆ ಸರಿಸಿದ ಇನ್ನೊಂದು ಲೋಕವಿದೆ. 1939ರ ನವೆಂಬರಿನಲ್ಲಿ ಕ್ರಾಕೋವಿನ ಪ್ರಾಧ್ಯಾಪಕರನ್ನು ಸಭೆಗೆಂದು ಕರೆಸಿ ಬಂಧಿಸಲಾಯಿತು. ಉನ್ನತ ಶಿಕ್ಷಣವನ್ನು ನಿಷೇಧಿಸಲಾಯಿತು. ಆದರೂ ಖಾಸಗಿ ಮನೆಗಳಲ್ಲಿ ಪಾಠಗಳು ನಡೆದವು. ಸಿಕ್ಕಿಬಿದ್ದರೆ ಶಿಬಿರವೋ ಮರಣವೋ ಕಾದಿರುತ್ತಿತ್ತು. ಪಾಠ ಹೇಳುವ, ಪತ್ರಿಕೆ ಮುದ್ರಿಸುವ, ಸಂದೇಶ ಒಯ್ಯುವ ನಿತ್ಯದ ಕೆಲಸಕ್ಕೆ ಸ್ಫೋಟದ ದೃಶ್ಯಸೌಕರ್ಯವಿಲ್ಲ. ಆದ್ದರಿಂದ ಈ ಧಾರಾವಾಹಿಗಳನ್ನು ಓದುವಾಗ ನಾಯಕ ಯಾರ ಪರವಾಗಿ ಹೋರಾಡುತ್ತಾನೆಂದು ಕೇಳಿದರೆ ಸಾಲದು. ಹೋರಾಟವೆಂದು ಕಥನವು ಯಾವುದನ್ನು ಒಪ್ಪುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.